ಜಗಳವಾಡಿ ಪಾಸಾದ ತಂಡ

ನಲವತ್ತು ದಾಟಿದ ಮೇಲೆ ಎಂಬಿಎ ಸೇರಿದ್ದೆ. ಹರಿಹರದ ನಮ್ಮ ಅಡುಗೆಮನೆಯಲ್ಲೇ ಕೂತು ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದೆ. ಯಾವುದೇ ತಂಡ ಮೊದಲು ಪರಿಚಯವಾಗಿ, ಆಮೇಲೆ ಜಗಳವಾಡಿ, ಕೊನೆಗೆ ಹೊಂದಿಕೊಂಡು ಕೆಲಸ ಮಾಡುತ್ತದೆ ಅಂತ ಅವತ್ತಿನ ಪಾಠ. ನಿಮ್ಮ ತಂಡ ಯಾವ ಹಂತದಲ್ಲಿದೆ ಎಂದು ಮೇಡಂ ಕೇಳಿದರು. ಉಳಿದ ತಂಡದವರೆಲ್ಲ "ನಮ್ಮಲ್ಲಿ ಜಗಳವೇ ಇಲ್ಲ" ಎಂದರು.

ನಮ್ಮದು ಮೂವರ ತಂಡ; ಅಂಕಕ್ಕಾಗಿ ಒಟ್ಟಿಗೆ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ನಾನು, ಮಾಯಕೊಂಡದ ರೇಖಾ, ದಾವಣಗೆರೆಯ ಬಸವರಾಜಣ್ಣ. ಒಬ್ಬರ ಮುಖ ಒಬ್ಬರು ನೇರವಾಗಿ ನೋಡಿರಲಿಲ್ಲ. ಒಳಗೊಳಗೇ ಮುನಿಸಿತ್ತು.

"ನಮ್ದೂ ಹಂಗೇ ರೀ ಮೇಡಂ, ಭಾಳ ಹೊಂದಾಣಿಕೆ ಐತೆ" ಎಂದರು ಬಸವರಾಜಣ್ಣ.

ರೇಖಾ ತಟ್ಟನೆ ಮೈಕ್ ಆನ್ ಮಾಡಿದರು. "ಎಲ್ಲೈತ್ರೀ? ಪ್ರಾಜೆಕ್ಟ್ ಬರೆದಿದ್ದೆಲ್ಲ ನಾನು, ಹೆಸರು ಮೊದ್ಲು ನಿಮ್ದು!"

"ಕೇಳೋಣಂದ್ರೆ ನೀವು ಫೋನೇ ಎತ್ತಲ್ವಲ್ರೀ!" ಎಂದರು ಬಸವರಾಜಣ್ಣ.

ಸಮಾಧಾನ ಮಾಡಲು ಹೋದ ನಾನೂ, "ರೇಖಾ ಅವ್ರೇ, ನನ್ನ ಸ್ಲೈಡ್ ಯಾಕ್ರೀ ತೆಗೆದ್ರಿ?" ಎಂದು ಕೂಗಿಬಿಟ್ಟೆ. ಇಡೀ ಕ್ಲಾಸ್ ಕೇಳುತ್ತಿತ್ತು. ಅಂಕ ಹೋಯಿತು ಅಂದುಕೊಂಡೆ.

ಮೇಡಂ ಜೋರಾಗಿ ನಕ್ಕರು. "ನಿಜ ಹೇಳಿದ್ದು ನಿಮ್ಮ ತಂಡ ಒಂದೇ. ಇನ್ನು ಕೂತು ಮಾತಾಡ್ರಿ."

ಬಸವರಾಜಣ್ಣನ ದನಿ ಮೆತ್ತಗಾಯಿತು. "ರೇಖಾ ಅವ್ರೇ, ಮೊದ್ಲ ಹೆಸರು ನಿಮ್ದೇ ಇರ್ಲಿ. ಭಾನುವಾರ ಇಬ್ರೂ ದಾವಣಗೆರೆಗೆ ಬರ್ರಿ, ಬೆಣ್ಣೆದೋಸೆ ನಂದು."

ಹೋದೆವು. ದೋಸೆ ತಿನ್ನುತ್ತಾ, ಹೊಟ್ಟೆ ಹುಣ್ಣಾಗುವಷ್ಟು ನಗುತ್ತಾ ಕೆಲಸ ಮುಗಿಸಿದೆವು. ಪೂರ್ತಿ ಅಂಕ ಬಂತು.

ಅಂಕ ಬಂದ ಸಂಜೆಯೇ ಬೇರೆ ತಂಡದವರೊಬ್ಬರು ಫೋನ್ ಮಾಡಿದರು. "ಅಕ್ಕಾರೇ, ನಮ್ಮೋರು ಎಲ್ಲದಕ್ಕೂ ಹೂಂ ಅಂತಾರೆ, ಕೆಲಸ ಮಾತ್ರ ಆಗವಲ್ದು. ಜಗಳ ಹೆಂಗೆ ಶುರು ಮಾಡ್ಬೇಕು, ಸ್ವಲ್ಪ ಹೇಳ್ಕೊಡ್ರಿ."