ಸಂಕ್ರಾಂತಿಯ ಬುತ್ತಿಯಲ್ಲಿ ಕೋಸಿನ ಮರಿಗಳು

ಮದುವೆಯಾದ ಮೇಲೆ ನನಗೆ ಅದು ಮೊದಲ ಸಂಕ್ರಾಂತಿ. ಹೊಸಪೇಟೆಯ ಅತ್ತೆಯ ಮನೆಯಲ್ಲಿ ಉಪ್ಪಿನ ಭರಣಿ ಎಲ್ಲಿದೆ ಎಂಬುದು ಗೊತ್ತಾಗಿತ್ತು, ಕೇಳದೆ ಅದನ್ನು ಮುಟ್ಟಬಹುದೋ ಇಲ್ಲವೋ ಎಂಬುದು ಮಾತ್ರ ಇನ್ನೂ ಗೊತ್ತಾಗಿರಲಿಲ್ಲ. ಆದರೂ ಒಂದು ವಾರದಿಂದ ನನ್ನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಹಬ್ಬದ ದಿನ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹಂಪಿಗೆ ಹೋಗಿ, ಹೊಳೆಯಲ್ಲಿ ಮಿಂದು, ದಂಡೆಯ ಮೇಲೆ ಬುತ್ತಿ ಬಿಚ್ಚಿ ಉಣ್ಣುವುದು ಆ ಮನೆಯ ಪದ್ಧತಿ. ಅಲ್ಲಿಗೆ ಕಂಪ್ಲಿಯಿಂದ ನಮ್ಮಪ್ಪನೂ ಬರುವವನಿದ್ದ.

ಅಪ್ಪನ ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ ತೀರಿಕೊಂಡಳು. ಅಪ್ಪ ಮತ್ತೆ ಮದುವೆಯಾಗಲಿಲ್ಲ. ಕಬ್ಬಿನ ಗದ್ದೆಯಿಂದ ಬಂದವನೇ ಕೈಕಾಲು ತೊಳೆದು, ಹಿತ್ತಲ ಬಾಗಿಲು ಹಾಕಿಕೊಂಡು, ತಾನೇ ಒಲೆ ಹಚ್ಚುತ್ತಿದ್ದ. ರೊಟ್ಟಿ ಬಡಿಯುವುದರಿಂದ ಹಿಡಿದು ಎಲ್ಲವನ್ನೂ ನನಗೆ ಕಲಿಸಿದವನು ಅವನೇ. ಆದರೆ ಮೀಸೆ ಬಿಟ್ಟ ಗಂಡಸು ಒಲೆಯ ಮುಂದೆ ಕೂಡುತ್ತಾನೆಂದರೆ ಊರೇ ನಗುವ ಕಾಲ ಅದು. ಹೆಣ್ಣು ನೋಡಲು ಬಂದವರಿಗೆ "ಅಡಿಗಿ ನಮ್ಮಕ್ಕ ಕಲಿಸ್ಯಾಳ್ರಿ" ಎಂದು ಹೇಳಿ ಪಾರಾಗಿದ್ದ. ಗಂಡನ ಮನೆಗೆ ಕಳಿಸುವಾಗಲೂ ನನ್ನ ಕಿವಿಯಲ್ಲಿ, "ಅಲ್ಲಿ ಬಾಯಿ ಬಿಡಬ್ಯಾಡ ನನ್ನವ್ವ, ಮರ್ಯಾದಿ ಹೋಗ್ತೈತಿ" ಎಂದಿದ್ದ. ಅತ್ತೆಯೋ, ನನ್ನ ರೊಟ್ಟಿಯ ಅಂಚು ತುಸು ಸೀದರೆ ಸಾಕು, "ತಾಯಿಲ್ಲದಾಕಿ, ಪಾಪ, ಸೋದರತ್ತಿ ಎಷ್ಟಂತ ಕಲಿಸ್ತಾಳ" ಎನ್ನುತ್ತಿದ್ದರು. ಆ 'ಪಾಪ' ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಾವನವರದು ಕಿರಾಣಿ ಅಂಗಡಿ. ಸಂಡೂರಿನ ಬೆಟ್ಟದ ಮೇಲಿದ್ದ ಬಿಳಿ ದೊರೆಗಳ ಬಂಗಲೆಗೆ ಅಕ್ಕಿ, ಬೇಳೆ, ಸಕ್ಕರೆ ಕಳಿಸುತ್ತಿದ್ದರು. ಭೋಗಿಯ ದಿನ ಮಧ್ಯಾಹ್ನ ಅಲ್ಲಿಂದ ಮರಳಿದವರು ಬಂಡಿ ಇಳಿಯುವ ಮೊದಲೇ ಕೂಗಿದರು: "ಎಲ್ಲಾರೂ ಬರ್ರಿ, ಜಲ್ದಿ ಬರ್ರಿ!" ಬಂಗಲೆಯ ಮಾಲಿ ಕೊಟ್ಟ ಬುಟ್ಟಿಯನ್ನು ಪಡಸಾಲೆಯಲ್ಲಿ ಸುರಿದರು. ಲಿಂಬೆಹಣ್ಣಿನಷ್ಟೇ ದಪ್ಪದ ಹಸಿರು ಉಂಡೆಗಳು ದಿಕ್ಕುದಿಕ್ಕಿಗೆ ಉರುಳಿದವು. ನೋಡಿದರೆ ಎಲೆಕೋಸು! ಎಲೆಯ ಮೇಲೆ ಎಲೆ, ಎಲ್ಲವೂ ಅಂಗೈಯಲ್ಲಿ ಅಡಗುವಷ್ಟು ಚಿಕ್ಕವು. ಅದರ ಹೆಸರು ಬ್ರಸೆಲ್ಸ್ ಸ್ಪ್ರೌಟ್ಸ್ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಂದು ನಾವು ಕೋಸಿನ ಮರಿ ಎಂದೇ ಕರೆದೆವು.

"ದೊರಿ ಮಂದಿ ತಮ್ಮ ದೊಡ್ಡ ಹಬ್ಬಕ್ಕ ಇದನ್ನ ಉಣ್ತಾರಂತ. ನಾಳೆ ಹೊಳಿ ದಂಡಿಮ್ಯಾಲೆ ರುಚಿ ತೋರಿಸ್ತೀನಿ ಅಂತ ಪ್ಯಾಟಿ ತುಂಬ ಹೇಳಿ ಬಂದೀನಿ" ಎಂದರು ಮಾವ. ಅವರಿಗೆ ಸಂಭ್ರಮ ತಡೆಯಲಾಗುತ್ತಿರಲಿಲ್ಲ.

ಅತ್ತೆ ಒಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಬೆಳಿಯಾಕೂ ಬಿಡದ ಕಿತ್ತಾರಲ್ರಿ! ನಾ ಇದನ್ನ ಮುಟ್ಟಂಗಿಲ್ಲ. ಬೇಕಾದ್ರ ಸೊಸಿ ಮಾಡ್ಲಿ. ಕೆಟ್ರೂ ಮಂದಿ ಏನೂ ಅನ್ನಂಗಿಲ್ಲ, ತಾಯಿಲ್ಲದಾಕಿ."

"ಮಾಡ್ತೀನ್ರಿ!" ಎಂದುಬಿಟ್ಟೆ. ಹೇಗೆ ಮಾಡಬೇಕೆಂದು ನನಗೇನು ಗೊತ್ತು? ಅಪ್ಪನ ಎದುರಿಗೆ, ಇಡೀ ಓಣಿಯ ಎದುರಿಗೆ ಮತ್ತೆ ಆ ಮಾತು ಬರಕೂಡದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ನೀರಲ್ಲಿ ಉಪ್ಪು ಹಾಕಿ ಕುದಿಸಿದರೆ ಆಯಿತೆಂದು ಬಂಗಲೆಯ ಬಟ್ಲರ್ ಮಾವನಿಗೆ ಹೇಳಿದ್ದನಂತೆ. ಅರ್ಧ ಬುಟ್ಟಿ ಕುದಿಸಿದೆ. ಎಷ್ಟು ಹೊತ್ತು ಎಂದು ಅವನು ಹೇಳಿರಲಿಲ್ಲ; ನಮ್ಮ ಕಡೆ ಕುದಿಸುವುದೆಂದರೆ ಬೇಳೆಯಂತೆ ಕರಗುವ ತನಕ. ಅಬ್ಬಾ, ಆ ವಾಸನೆ! ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದರು. "ಹಬ್ಬದ ಮನ್ಯಾಗ ಇದೇನು ನಾತವ್ವ!" ಪಾತ್ರೆಯಲ್ಲಿ ಉಳಿದದ್ದು ಹಸಿರು ಅಂಬಲಿ. ಅದನ್ನು ಎಮ್ಮೆಗೆ ಸುರಿದೆ. ಮನೆಯಲ್ಲಿ ಅದೊಂದೇ ನನ್ನ ಅಡಿಗೆಯನ್ನು ಕುಂದು ಹೇಳದೆ ತಿಂದದ್ದು.

ಕಣ್ಣಲ್ಲಿ ನೀರು ತುಂಬಿಕೊಂಡು ಉಳಿದ ಅರ್ಧ ಬುಟ್ಟಿಯ ಮುಂದೆ ಕೂತೆ. ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ಗಟ್ಟಿಯಾದ ಬುಡ, ಮೇಲೆ ಬಿಗಿಯಾದ ಮೈ. ಎಳೆ ಬದನೆಕಾಯಿಯ ಹಾಗೇ ಇದೆಯಲ್ಲ! ಬದನೆಕಾಯಿಯನ್ನು ಅಪ್ಪ ಎಂದಾದರೂ ನೀರಲ್ಲಿ ಕುದಿಸಿದ್ದನೇ? ನನಗೆ ಒಮ್ಮೆಲೇ ನಗು ಬಂತು. ಕೂಡಲೇ ಎದ್ದು ಶೇಂಗಾ ಹುರಿಯಲು ಕೂತೆ.

ಮರುದಿನ ಕೋಳಿ ಕೂಗುವ ಹೊತ್ತಿಗೆ ಒಲೆ ಹಚ್ಚಿದೆ. ಒಂದೊಂದು ಮರಿಯನ್ನೂ ಬುಡ ಬಿಡದಂತೆ ಮೇಲಿನಿಂದ ನಾಲ್ಕು ಸೀಳು ಸೀಳಿ, ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಖಾರ, ಹುಣಸೆ, ಬೆಲ್ಲ ಕೂಡಿಸಿ ಕುಟ್ಟಿದ ಮಸಾಲೆ ತುಂಬಿದೆ. ಎಣ್ಣೆ ಕಾಯಿಸಿ, ಒಂದರ ಪಕ್ಕ ಒಂದು ಕೂರಿಸಿ, ಮೇಲೆ ತಾಟು ಮುಚ್ಚಿ, ಆ ತಾಟಿನ ಮೇಲೆ ನೀರು ಹಾಕಿದೆ. ಅಪ್ಪನ ಪದ್ಧತಿ ಅದು: ಒಳಗೆ ಒಂದು ಹನಿ ನೀರೂ ಬೀಳಬಾರದು, ಮೇಲಿನ ನೀರು ಆರಿದರೆ ಮತ್ತೆ ಹಾಕಬೇಕು. ಅತ್ತೆ ನೋಡಿ ನಕ್ಕರು. "ಒಳಗ ಹಾಕೋ ನೀರು ಮ್ಯಾಲೆ ಹಾಕ್ತೀಯಲ್ಲ, ಇದನ್ನ ಎಲ್ಲೂ ಕಂಡಿಲ್ಲ ನಾ." ನಾನು ಒಲೆಯ ಉರಿ ತಗ್ಗಿಸಿದೆ. ಸ್ವಲ್ಪ ಹೊತ್ತಿಗೆ ಗುರೆಳ್ಳಿನ ಘಮ ಎದ್ದಿತು. ಮಾವ ಪಡಸಾಲೆಯಿಂದ ಎದ್ದು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು.

ಹಂಪಿಯ ದಾರಿಯಲ್ಲಿ ಕಡ್ಡಿರಾಂಪುರ ದಾಟುವಾಗ ನನ್ನ ಎದೆ ಬಂಡಿಗಿಂತ ಜೋರಾಗಿ ಕುಣಿಯುತ್ತಿತ್ತು. ಹೊಳೆದಂಡೆಗೆ ಇಳಿದರೆ, ಹೊಸ ಬೆಲ್ಲದ ಗಂಟು ತೊಡೆಯ ಮೇಲಿಟ್ಟುಕೊಂಡು ಅಪ್ಪ ಆಗಲೇ ಬಂಡೆಯ ಮೇಲೆ ಕೂತಿದ್ದ. ಓಡಿಹೋಗಿ ಅಪ್ಪಿಕೊಳ್ಳಬೇಕೆನಿಸಿತು. ಸೊಸೆಯಾದವಳು ಅಷ್ಟು ಮಂದಿಯ ನಡುವೆ ಓಡುವಂತಿರಲಿಲ್ಲ.

ಮನೆಮಂದಿ, ಜೊತೆಗೆ ಬಂದಿದ್ದ ಓಣಿಯ ಮಂದಿ, ಎಲ್ಲರೂ ಮಿಂದು ಬಂದು ಸಾಲಾಗಿ ಕೂತರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಮೇಲೆ ನಾನು ಕೋಸಿನ ಮರಿ ಇಡುತ್ತಾ ಹೋದೆ. ಮಾವ ಒಂದು ಬಾಯಿಗೆ ಹಾಕಿಕೊಂಡು, "ಮಸ್ತ್!" ಎಂದು ತೊಡೆ ತಟ್ಟಿದರು. ಅತ್ತೆ ಒಂದು ತಿಂದರು, ಸುಮ್ಮನೆ ಇನ್ನೊಂದು ತೆಗೆದುಕೊಂಡರು, ಆಮೇಲೆ ಅಪ್ಪನತ್ತ ತಿರುಗಿದರು.

"ಬೀಗರ, ನಿಮ್ಮಕ್ಕಾರು ಭಾಳ ಚಂದ ಕಲಿಸ್ಯಾರ್ರಿ."

ಅಪ್ಪ ತಲೆ ತಗ್ಗಿಸಿ "ಹೂಂ" ಎಂದ. ನಂತರ ಒಂದನ್ನು ಬಾಯಿಗೆ ಹಾಕಿಕೊಂಡು ನಿಧಾನ ಅಗಿದ. ರುಚಿ ನೋಡುವಾಗ ಅವನಿಗೆ ಲೋಕದ ಖಬರೇ ಇರುತ್ತಿರಲಿಲ್ಲ. "ಗುರೆಳ್ಳು ಇನ್ನೊಂದು ಚೂರು ಹುರೀಬೇಕಿತ್ತವ್ವ. ತಾಟಿನ ಮ್ಯಾಲಿನ ನೀರು ನಡುವ ಆರಿತ್ತೇನು?"

ಅತ್ತೆಯ ಕೈ ರೊಟ್ಟಿಯ ಮೇಲೇ ನಿಂತಿತು. "ತಾಟಿನ ಮ್ಯಾಲೆ ನೀರು ಹಾಕಿದ್ದು ನಿಮಗ ಹೆಂಗ ಗೊತ್ತಾತ್ರಿ?"

ಅಪ್ಪನ ಮುಖ ಬಿಳಿಚಿಕೊಂಡಿತು. ಅದನ್ನು ನೋಡಲಾರದೆ ನಾನು, ಬಾಯಿ ಬಿಡಬೇಡವೆಂದಿದ್ದರೂ, ಬಿಟ್ಟೆ. "ನನಗ ಅಡಿಗಿ ಕಲಿಸಿದ್ದು ನಮ್ಮಪ್ಪನ ರೀ. ಬ್ಯಾರೆ ಯಾರೂ ಅಲ್ಲ."

ನಮ್ಮ ಓಣಿಯ ಹಿರಿಯಾಕೆಯೊಬ್ಬಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಅಯ್ಯ, ತಾಯಿಲ್ಲದ ಮನಿ ಅಂದ್ರ ಹಿಂಗ ನೋಡ್ರಿ, ಗಂಡಸ್ರ ಕೈಯಾಗ ಸೌಟು."

ಅತ್ತೆ ಗರಕ್ಕನೆ ಅವಳತ್ತ ತಿರುಗಿದರು. "ಯಾರಂದ್ರು ತಾಯಿಲ್ಲ ಅಂತ? ಅಗೋ, ಅಲ್ಲಿ ಕುಂತಾರ ನೋಡ್ರಿ."

ಅವರ ಬೆರಳು ಅಪ್ಪನನ್ನು ತೋರಿಸುತ್ತಿತ್ತು. ಆಮೇಲೆ ಅವರು ತಮ್ಮ ರೊಟ್ಟಿ ಎತ್ತಿಕೊಂಡು ಅಪ್ಪನ ಹತ್ತಿರದ ಬಂಡೆಗೆ ಬಂದು ಕೂತರು. "ಈಗ ಹೇಳ್ರಿ ಬೀಗರ, ಗುರೆಳ್ಳು ಎಷ್ಟು ಹುರೀಬೇಕು?"

ಅಪ್ಪ ಒಮ್ಮೆ ನನ್ನನ್ನು ನೋಡಿದ. ಅವನ ಮೀಸೆಗೆ ಮಸಾಲೆಯ ಪುಡಿ ಹತ್ತಿತ್ತು. ಇಷ್ಟು ವರ್ಷ ಹಿತ್ತಲ ಬಾಗಿಲು ಹಾಕಿಕೊಂಡು ಅಡಿಗೆ ಮಾಡಿದವನು ಗಂಟಲು ಸರಿ ಮಾಡಿಕೊಂಡು, ಹೊಳೆದಂಡೆಯ ಮಂದಿಗೆಲ್ಲ ಕೇಳುವಂತೆ ಹೇಳತೊಡಗಿದ.