ತೊಳೆದ ಕೈಗೆ ಅಂಟಿದ ಮಾತು

ಹೊಸಕೋಟೆಯ ಕೈಗಾರಿಕಾ ಪ್ರದೇಶದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಜೈವಿಕ ಗೊಬ್ಬರ ತಯಾರಿಸುವ ಘಟಕವೊಂದರ ಲ್ಯಾಬಿನಲ್ಲಿ ಕವಿತ ಆಗಲೇ ಕೆಲಸ ಶುರುಮಾಡಿದ್ದಾರೆ. ಬ್ಯಾಕ್ಟೀರಿಯಾ ಬೆಳೆಸುವ ಟ್ಯಾಂಕಿನಿಂದ ಒಂದು ಹನಿ ತೆಗೆದು ಗಾಜಿನ ಪಟ್ಟಿಗೆ ಸವರುತ್ತಾರೆ, ಹಬೆಗೆ ಹಿಡಿದು ಬಣ್ಣ ಹಾಕುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಬೀಜಕಗಳಾದವು ಹಸಿರಾಗಿ, ಆಗದೆ ಉಳಿದವು ಕೆಂಪಾಗಿ ಕಾಣುತ್ತವೆ. ಗಟ್ಟಿ ಕವಚದ ಬೀಜಕಗಳು ಒಣಗಿ ಪುಡಿಯಾಗಿ ಚೀಲ ಸೇರಿದರೂ ಸಾಯುವುದಿಲ್ಲ. ಹೊಲದ ತೇವ ಸಿಕ್ಕಾಗ ಎಚ್ಚರಗೊಳ್ಳುತ್ತವೆ. ಕಂಪನಿಗೆ ಬೇಕಾದದ್ದು ಆ ಹಸಿರು.

ನಂದಗುಡಿ ಹತ್ತಿರದ ಹಳ್ಳಿಯ ಕವಿತ ಇಲ್ಲಿ ಗುತ್ತಿಗೆ ನೌಕರೆ. ಪಾತ್ರೆಗಳನ್ನು ತೊಳೆದು ಹಬೆಯಲ್ಲಿ ಶುದ್ಧಗೊಳಿಸುವುದೂ ಅವರದೇ ಕೆಲಸ. ಹಬೆ ತಾಗಿದ ಮುಂಗೈಯಲ್ಲಿ ಸುಟ್ಟ ಕಲೆಗಳಿವೆ.

ಕಳೆದ ಮಳೆಗಾಲದಲ್ಲಿ ಒಂದು ಟ್ಯಾಂಕ್ ಕೈಕೊಟ್ಟಿತು. ಎಲ್ಲೆಲ್ಲೂ ಕೆಂಪು, ಹಸಿರು ಅಲ್ಲೊಂದು ಇಲ್ಲೊಂದು. ಪಾತ್ರೆ ಸರಿಯಾಗಿ ತೊಳೆಯದೆ ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದು ಮೇಲ್ವಿಚಾರಕ ವೇಣುಗೋಪಾಲ್ ತೀರ್ಮಾನಿಸಿದರು. ಊಟದ ಕೋಣೆಯಲ್ಲಿ, ಎಲ್ಲರೂ ತಟ್ಟೆ ಹಿಡಿದು ನಿಂತಿದ್ದಾಗ ಹೇಳಿದರು: “ಈ ಜನಕ್ಕೆ ಎಷ್ಟು ಕಲಿಸಿದ್ರೂ ಶುದ್ಧ ಅನ್ನೋದು ಬರಲ್ಲ.”

ಆ ಮಾತು ಪಾತ್ರೆಯ ಬಗ್ಗೆ ಮಾತ್ರ ಆಡಿದ್ದಲ್ಲವೆಂದು ಕವಿತ ಅವರಿಗೆ ಗೊತ್ತು. “ನಮ್ಮತ್ತೆ ಮುತ್ತಮ್ಮ ಊರೋರ ಮನೆ ಬಾಗ್ಲಾಚೆ ನಿಂತು ಬೊಗಸೇಲಿ ನೀರು ಕುಡಿದೋರು. ನಾನು ಲ್ಯಾಬಿಗೆ ಸೇರ್ದಾಗ ಬೀದಿಗೆಲ್ಲಾ ಹೇಳ್ಕೊಂಡು ಬಂದಿದ್ರು. ಅವ್ರಿಗೆ ಈ ವಿಷ್ಯ ಇವತ್ತಿಗೂ ಹೇಳಿಲ್ಲ.”

ಮರುದಿನವೇ ಅವರನ್ನು ಚೀಲ ತುಂಬುವ ವಿಭಾಗಕ್ಕೆ ಹಾಕಿದರು. ಜೊತೆಗೆ ಉಣ್ಣುತ್ತಿದ್ದ ಹೆಂಗಸರು ಡಬ್ಬಿಯ ಪಲ್ಯ ಹಂಚಿಕೊಳ್ಳುವುದನ್ನು ಬಿಟ್ಟರು.

ಆಮೇಲೆ ಕೆಲಸಕ್ಕೆ ಸೇರಿದ ವಿಜ್ಞಾನಿ ಅಕ್ಷತ, ಆ ಟ್ಯಾಂಕಿನಿಂದ ತೆಗೆದಿಟ್ಟಿದ್ದ ಮಾದರಿಯನ್ನು ಪರೀಕ್ಷಿಸಿದರು. ಬೇರೆ ಬ್ಯಾಕ್ಟೀರಿಯಾ ಇರಲೇ ಇಲ್ಲ. ಕೆಂಪು, ಹಸಿರು ಎರಡೂ ಒಂದೇ ಕೋಶದ ಸಂತಾನ, ವಂಶವಾಹಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆಹಾರ ತೀರುತ್ತ ಬಂದಾಗ ಬೀಜಕವಾಗಲು ಪ್ರಚೋದಿಸುವ ಪ್ರೋಟೀನೊಂದು ಪ್ರತಿ ಕೋಶದಲ್ಲೂ ಕೂಡುತ್ತ ಹೋಗುತ್ತದೆ. ಒಂದರಲ್ಲಿ ಬೇಗ, ಪಕ್ಕದ್ದರಲ್ಲಿ ತಡವಾಗಿ, ಬರೀ ಆಕಸ್ಮಿಕ. ಸಾಕಷ್ಟು ಕೂಡಿದ್ದು ಕವಚ ಕಟ್ಟುತ್ತದೆ, ಕೂಡದ್ದು ಹಾಗೇ ಉಳಿಯುತ್ತದೆ. ಆ ಸಲ ಟ್ಯಾಂಕಿಗೆ ಆಹಾರವೂ ಹೆಚ್ಚಾಗಿ ಬಿದ್ದಿತ್ತು, ಹಾಗಾಗಿ ಬೀಜಕವಾಗದೆ ಉಳಿದವೇ ಹೆಚ್ಚು. ಆಹಾರದ ಅಳತೆ ನಿಗದಿ ಮಾಡಿದ್ದವರು ವೇಣುಗೋಪಾಲ್.

ಪ್ರಕೃತಿ, ಯಾರೇನು ಮಾಡೋಕಾಗುತ್ತೆ ಎಂದುಬಿಟ್ಟರು ಅವರು. ಕಾರಣ ಹೇಳದೆ ಕವಿತ ಅವರನ್ನು ಲ್ಯಾಬಿಗೆ ವಾಪಸ್ ಕರೆಸಿಕೊಂಡರು.

“ಅಕ್ಷತ ಮೇಡಂ ನಲ್ಲಿ ಹತ್ರ ಬಂದು, ನಿಮ್ಮ ತಪ್ಪಿರ್ಲಿಲ್ಲ ಕವಿತಕ್ಕ ಅಂದ್ರು. ಎಲ್ರ ಮುಂದೆ ಹೇಳಿ ಮೇಡಂ ಅಂದೆ. ತಲೆ ತಗ್ಗಿಸ್ಕೊಂಡು ಹೋಗ್ಬಿಟ್ರು.”

ಕವಿತ ಈಗ ಗೇಟಿನ ಪಕ್ಕದ ಹೊಂಗೆ ಮರದಡಿ ಒಬ್ಬರೇ ಊಟ ಮಾಡುತ್ತಾರೆ. ಕೆಲಸ ಕಾಯಂ ಆಗಲಿ ಎಂಬ ಆಸೆ ಇಲ್ಲವೇ ಎಂದು ಕೇಳಿದರೆ ನಗುತ್ತಾರೆ.

“ಅದು ಆಮೇಲೆ. ವೇಣುಗೋಪಾಲ್ ಸಾರ್ ಬೈದ ಜಾಗದಲ್ಲೇ ನಿಂತು, ಈಕೆ ಕೈ ಶುದ್ಧವಾಗಿತ್ತು ಅಂತ ಒಂದ್ಸಲ ಹೇಳ್ಲಿ. ಅಲ್ಲೀತನಕ ಆ ಊಟದ ಕೋಣೇಲಿ ನಾನು ಕೂತು ಉಣ್ಣಲ್ಲ.”