ಅತ್ತಿಗೆ ಕಟ್ಟಿದ ಗಾಳಿಗೋಡೆ

ನಮ್ಮ ಅತ್ತಿಗೆಯನ್ನು ಅಣ್ಣ ‘ಕಣಜ’ ಅಂತ ರೇಗಿಸ್ತಾನೆ. ಹಗಲೆಲ್ಲ ಕಣಗಳ ಸಹವಾಸ, ಮುಟ್ಟಿದರೆ ಕುಟುಕೋ ಸ್ವಭಾವ. ಎರಡಕ್ಕೂ ಒಂದೇ ಹೆಸರು ಸಾಕಾಯ್ತು. ವಿಕಿರಣದ ಕಣಗಳು ಗೋಡೆಯಲ್ಲೋ ಮೈಯಲ್ಲೋ ಹೇಗೆ ತೂರಿಹೋಗುತ್ತವೆ, ಎಲ್ಲಿ ಸುಸ್ತಾಗಿ ನಿಲ್ಲುತ್ತವೆ ಅಂತ ಕಂಪ್ಯೂಟರಿನಲ್ಲೇ ಮಾಡಿ ನೋಡೋ ತಂತ್ರಾಂಶ ಬರೆಯೋದು ಅವರ ಕೆಲಸ. “ಒಂದೊಂದು ಕಣಕ್ಕೂ ಹೆಜ್ಜೆಹೆಜ್ಜೆಗೆ ದಾಳ ಹಾಕ್ತೀನಿ” ಅಂತಾರೆ. ಆಟ ಆಡಿ ಸಂಬಳ ತಗೊಳ್ಳೋ ಪುಣ್ಯವಂತೆ.

ನಾನು ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವವಳು. ನಾನು ಬಸುರಿಯಾದ ಹೊತ್ತಿಗೆ ಸರಿಯಾಗಿ ನನ್ನ ಕುರ್ಚಿ ಹಿಂದಿನ ಗೋಡೆಯಾಚೆ ಕ್ಯಾನ್ಸರಿಗೆ ವಿಕಿರಣ ಕೊಡೋ ಹೊಸ ಯಂತ್ರ ಬಂತು. “ಏನೂ ಆಗಲ್ಲಮ್ಮ” ಅಂದರು ಎಲ್ಲರೂ. ಹಿಂದೆ ಒಂದು ಸಲ ಬಸಿರು ನಿಲ್ಲದವಳಿಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಇಷ್ಟದ ಕೆಲಸ, ಆದರೂ ಬಿಟ್ಟುಬಿಡ್ತೀನಿ ಅಂತ ಅತ್ತಿಗೆ ಮುಂದೆ ಗೊಳೋ ಅಂದೆ.

“ಬಿಡು, ಆದ್ರೆ ಲೆಕ್ಕ ನೋಡಿ ಬಿಡು” ಅಂದರು.

ಪರದೆ ಮೇಲೆ ಯಂತ್ರ ಬಂತು, ಗೋಡೆ ಬಂತು, ಆಮೇಲೆ ನೀರು ತುಂಬಿದ ಒಂದು ಡ್ರಮ್ಮು.

“ಇದ್ಯಾರು?”

“ನೀನೇ.”

“ಇಷ್ಟು ದಪ್ಪ ಇದೀನಾ ನಾನು?”

ಅತ್ತಿಗೆ ಡ್ರಮ್ಮಿನೊಳಗೆ ಪುಟ್ಟದೊಂದು ಚೆಂಡು ಇಟ್ಟರು. ನನ್ನ ಕೈ ತಾನಾಗೇ ಹೊಟ್ಟೆ ಮೇಲೆ ಹೋಯ್ತು.

ಕಣಗಳನ್ನು ಬಿಟ್ಟರು. ಡ್ರಮ್ಮು, ಚೆಂಡು ಎರಡೂ ಕೆಂಪಗಾದವು. ಕೆಂಪು ಅಂದರೆ ವಿಕಿರಣ ತಾಗಿದೆ ಅಂತ. ನಾನು ಮತ್ತೆ ಗೊಳೋ ಅಂದೆ. ಅತ್ತಿಗೆ ಪರದೆಗೆ ಮೂಗು ತಾಗಿಸಿ ನೋಡಿ ಹಣೆ ಚಚ್ಚಿಕೊಂಡರು. ಗೋಡೆ ನಿಲ್ಲಿಸಿದ್ದರಂತೆ, ಯಾವುದರ ಗೋಡೆ ಅಂತ ಹೇಳೋದು ಮರೆತಿದ್ದರಂತೆ. ಹೇಳದೇ ಹೋದರೆ ಅವರ ತಂತ್ರಾಂಶ ಅಲ್ಲಿ ಗಾಳಿ ತುಂಬಿಬಿಡುತ್ತದೆ.

“ಗಾಳಿಗೋಪುರ ಕಟ್ಟೋರನ್ನ ನೋಡಿದ್ದೆ ಅತ್ತಿಗೆ, ಗಾಳಿಗೋಡೆ ಕಟ್ಟೋರನ್ನ ಇವತ್ತೇ ನೋಡಿದ್ದು” ಅಂದೆ. ನಗ್ತಾ ಇದ್ದರೂ ಕಣ್ಣೀರು ನಿಂತಿರಲಿಲ್ಲ.

ಕಾಂಕ್ರೀಟು ತುಂಬಿ ಮತ್ತೆ ಬಿಟ್ಟರು. ಈ ಸಲ ಕಣಗಳೆಲ್ಲ ಗೋಡೆಯೊಳಗೇ ಬಿದ್ದುಕೊಂಡವು, ಚೆಂಡಿನ ತನಕ ಬಂದದ್ದು ಲೆಕ್ಕಕ್ಕೆ ಸಿಗದಷ್ಟು ಕಮ್ಮಿ.

“ಇನ್ನೇನಾದ್ರೂ ಮರೆತಿದ್ರೆ?” ಅಂದೆ. ಕುಟುಕ್ತಾರೆ ಅಂದುಕೊಂಡೆ. ಕುಟುಕಲಿಲ್ಲ.

ಯಂತ್ರ ಶುರುವಾದ ಮೊದಲ ದಿನ ಬೆಳಿಗ್ಗೆ ಹೋದರೆ ನನ್ನ ಕುರ್ಚಿಯಲ್ಲಿ ಅತ್ತಿಗೆ ಕೂತಿದ್ದಾರೆ, ವಿಕಿರಣ ಅಳೆಯೋ ಮೀಟರನ್ನು ಹೊಟ್ಟೆಗೆ ಒತ್ತಿಕೊಂಡು.

“ಕಂಪ್ಯೂಟರಿನ ಗೋಡೆ ನಂದು, ಇದು ಮೇಸ್ತ್ರಿದು. ಅದಕ್ಕೇ ನಾನೇ ಮೊದಲು ಕೂತು ನೋಡಿದೆ. ಆಚೆ ಯಂತ್ರ ಓಡ್ತಿದೆ, ಮುಳ್ಳು ಇದ್ದಲ್ಲೇ ಇದೆ. ಬಾ, ಕೂತ್ಕೋ” ಅಂತ ಎದ್ದರು. ಕೂತೆ. ಕುರ್ಚಿ ಇನ್ನೂ ಬೆಚ್ಚಗಿತ್ತು.

ಮಗಳಿಗೆ ಚೆಂದದ ಹೆಸರು ಇಟ್ಟಿದ್ದೇವೆ. ಅತ್ತಿಗೆ ಮಾತ್ರ ‘ಚೆಂಡು’ ಅಂತಲೇ ಕರೆಯೋದು, ಅವಳೂ ಆ ಹೆಸರಿಗೇ ಓಡೋದು.